ಮುರಕಲ್ಲಿನ ಸಂದಿನಲ್ಲಿ ಬಾಳುವ ಚಪ್ಪಟೆ ಜೇಡ

ಕಾಸರಗೋಡು ಕಡೆಯ ಹಳೆಯ ಮನೆಗಳಲ್ಲಿ ರಾತ್ರಿ ಎದ್ದು ಬಚ್ಚಲಿನ ಲೈಟು ಹಾಕಿದವರ ಕಣ್ಣಿಗೆ ಈ ಜೇಡ ಒಂದಲ್ಲ ಒಂದು ಸಲ ಬಿದ್ದೇ ಇರುತ್ತದೆ. ಬೂದು ಬೆರೆತ ಕಂದು ಬಣ್ಣ, ಕಾಲುಗಳ ಮೇಲೆ ಕಪ್ಪು ಪಟ್ಟೆ, ಎಂಟೂ ಕಾಲು ಎರಡು ಬದಿಗೆ ಚಾಚಿ ಗೋಡೆಗೆ ಒತ್ತಿಕೊಂಡಿರುತ್ತದೆ. ಮೈಗೆ ಎತ್ತರವೆಂಬುದೇ ಇಲ್ಲ. ಹಿಡಿಸೂಡಿ ತರುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ.

ಹೋದದ್ದು ದೂರಕ್ಕೇನೂ ಅಲ್ಲ. ದಾರಂದಕ್ಕೂ ಗೋಡೆಗೂ ನಡುವೆ ಒಂದು ಬಿರುಕಿರುತ್ತದೆ. ಬೆರಳು ತೂರದು, ಪೋಸ್ಟ್ ಕಾರ್ಡು ತೂರಬಹುದು. ಜೇಡ ಹಗಲಿಡೀ ಅದರೊಳಗಿರುತ್ತದೆ, ಪೊರೆ ಕಳಚುವುದೂ ಮೊಟ್ಟೆ ಇಡುವುದೂ ಅಂಥ ಜಾಗದಲ್ಲೇ. ಹಾಗಾಗಿ ಈ ಜೀವಿಯ ನೆಲೆ ಯಾವುದೆಂದು ಕೇಳಿದರೆ ಕಾಡು, ತೋಟ, ಮನೆ ಎಂಬ ಉತ್ತರ ಸಾಲುವುದಿಲ್ಲ. ಅದರ ನೆಲೆ ಸಂದು. ಕಾಡಿನಲ್ಲಿ ಸಂದಿದ್ದರೆ ಕಾಡು, ಪಾಗಾರದಲ್ಲಿ ಸಂದಿದ್ದರೆ ಪಾಗಾರ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅದರ ಮೈಯ ರಚನೆ, ಬೇಟೆಯ ಬಗೆ, ನಮ್ಮ ಊರುಗಳಲ್ಲಿ ಅದಕ್ಕೆ ಒದಗಿದ ಸ್ಥಿತಿ ಎಲ್ಲವೂ ತಾವಾಗಿ ಅರ್ಥವಾಗುತ್ತವೆ.

ಇದು ಸೆಲೆನಾಪಿಡೇ ಎಂಬ ಕುಟುಂಬದ ಜೇಡ. ಉಷ್ಣವಲಯದ ಉದ್ದಕ್ಕೂ ಹಬ್ಬಿರುವ ಈ ಕುಟುಂಬದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿದ್ದಾರೆ. ಭಾರತದಲ್ಲಿ ಎಲ್ಲಕ್ಕಿಂತ ವ್ಯಾಪಕವಾಗಿ ಹರಡಿರುವುದು ಸೆಲೆನಾಪ್ಸ್ ರೇಡಿಯೇಟಸ್. ಫ್ರಾನ್ಸಿನ ಲಾಟ್ರೇಲ್ 1819ರಲ್ಲಿ ಇದಕ್ಕೆ ಹೆಸರಿಟ್ಟ. ಮೆಡಿಟರೇನಿಯನ್ ತೀರದಿಂದ ಆಫ್ರಿಕಾ, ಮಧ್ಯಪ್ರಾಚ್ಯ ದಾಟಿ ನಮ್ಮಲ್ಲಿಗೂ ಮ್ಯಾನ್ಮಾರಿಗೂ ಅದರ ಹರವು ಇದೆ. ಒಂದೇ ಪ್ರಭೇದ ಇಷ್ಟು ಬೇರೆ ಬೇರೆ ಹವೆಯ ನಾಡುಗಳಲ್ಲಿ ಬದುಕುವುದು ಸಾಧ್ಯವಾದದ್ದಕ್ಕೂ ಸಂದೇ ಒಂದು ಕಾರಣ ಎಂದು ನನಗೆ ತೋರುತ್ತದೆ. ಹೊರಗೆ ಮರುಭೂಮಿಯ ಬಿಸಿಲಿರಲಿ, ಕರಾವಳಿಯ ಮಳೆಯಿರಲಿ, ಎರಡು ಕಲ್ಲುಗಳ ನಡುವಿನ ಕತ್ತಲು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

ಪಶ್ಚಿಮ ಘಟ್ಟದಲ್ಲಿ ಈ ಕುಟುಂಬದ ಬೇರೆ ಸದಸ್ಯರೂ ಇದ್ದಾರೆ. ಭಾರತದ ಜೇಡಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಬಿ.ಕೆ. ಟಿಕಾದಾರ್ 1969ರಲ್ಲಿ ಆಗುಂಬೆಯ ಹೆಸರಿನಲ್ಲೇ ಒಂದು ಪ್ರಭೇದವನ್ನು ವಿವರಿಸಿದರು. 2011ರಲ್ಲಿ ಸಾರಾ ಕ್ರೂಸ್ ಮತ್ತು ಮಾರ್ಕ್ ಹಾರ್ವೆ ಈ ಭಾಗದ ಜೇಡಗಳನ್ನು ಮರುಪರಿಶೀಲಿಸಿ ಮಕ್ಡಿಯಾಪ್ಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದಾಗ ಆಗುಂಬೆಯದ್ದು ಅದರೊಳಗೆ ಸೇರಿತು. ಅದೇ ಕುಲದಲ್ಲಿ ಮಹಿಷಾಸುರನ ಹೆಸರು ಹೊತ್ತ ಪ್ರಭೇದವೂ ಒಂದಿದೆ. ಇವುಗಳಲ್ಲಿ ಯಾವುದು ಯಾವುದೆಂದು ಬರಿಗಣ್ಣಿನಲ್ಲಿ ಹೇಳಲಾಗದು. ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ರಚನೆಯನ್ನೂ ಗಂಡಿನ ಬಾಯಿಯ ಆಚೀಚೆ ಇರುವ ಪುಟ್ಟ ಕೈಯಂಥ ಅಂಗಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಧರಿಸಬೇಕು. ಫೋಟೋ ನೋಡಿ ಪ್ರಭೇದದ ಹೆಸರು ಹೇಳುವವರನ್ನು ನಂಬುವ ಮೊದಲು ಇದು ನೆನಪಿರಲಿ.

ಕುಟುಂಬವನ್ನು ಮಾತ್ರ ನಾವೇ ಗುರುತಿಸಬಹುದು. ನಮ್ಮಲ್ಲಿ ಇದರ ಜೊತೆ ಗೊಂದಲವಾಗುವುದು ಮುಖ್ಯವಾಗಿ ಎರಡು ಜೇಡಗಳು. ಒಂದು, ಮನೆಯೊಳಗೆ ಜಿರಲೆ ಹಿಡಿಯುವ ಅಂಗೈಯಗಲದ ದೊಡ್ಡ ಜೇಡ, ಹೆಟೆರೊಪೋಡಾ ವೆನಟೋರಿಯಾ. ಅದೂ ಕಾಲುಗಳನ್ನು ಬದಿಗೆ ಚಾಚಿ ಕೂರುತ್ತದೆ. ಆದರೆ ಅದರ ಮೈಗೆ ದಪ್ಪವಿದೆ, ಕಣ್ಣಿನ ಕೆಳಗೆ ಮುಖಕ್ಕಡ್ಡವಾಗಿ ಬಿಳಿಚಿದ ಪಟ್ಟಿಯಿದೆ, ಹೆಣ್ಣು ತನ್ನ ಮೊಟ್ಟೆಚೀಲವನ್ನು ಎದೆಯಡಿ ಹೊತ್ತುಕೊಂಡೇ ತಿರುಗುತ್ತದೆ. ಇನ್ನೊಂದು, ಮಾವು ಹಲಸಿನ ಕಾಂಡದ ಮೇಲೆ ತಲೆಕೆಳಗಾಗಿ ಕೂರುವ ಹರ್ಸಿಲಿಯಾ. ಅದರ ಹಿಂಬದಿಯಲ್ಲಿ ಬಾಲದಂತೆ ಎರಡು ಉದ್ದನೆಯ ನೂಲುವ ಅಂಗಗಳು ಚಾಚಿರುತ್ತವೆ. ಹುಳ ಹತ್ತಿರ ಬಂದರೆ ಅದರ ಸುತ್ತ ರಭಸದಿಂದ ಸುತ್ತಿ ನೂಲಿನಿಂದ ಮರಕ್ಕೇ ಕಟ್ಟಿಹಾಕುತ್ತದೆ. ಹರ್ಸಿಲಿಯಾ ಹಗಲಲ್ಲೂ ತೊಗಟೆಯ ಮೇಲೆಯೇ ಇರುತ್ತದೆ, ಬಣ್ಣವೇ ಅದಕ್ಕೆ ರಕ್ಷಣೆ. ನಮ್ಮ ಚಪ್ಪಟೆ ಜೇಡ ಹಗಲಲ್ಲಿ ತೊಗಟೆಯ ಮೇಲಿರುವುದಿಲ್ಲ, ತೊಗಟೆಯ ಅಡಿಗೆ ಹೋಗುತ್ತದೆ.

ಇನ್ನೂ ಖಚಿತವಾಗಬೇಕಾದರೆ ಕಣ್ಣುಗಳನ್ನು ನೋಡಬೇಕು. ಮೊಬೈಲಿನ ಕ್ಯಾಮೆರಾದಲ್ಲಿ ಹತ್ತಿರದ ಚಿತ್ರ ತೆಗೆದು ದೊಡ್ಡದು ಮಾಡಿದರೆ ಸಾಕು. ಎಂಟು ಕಣ್ಣುಗಳಲ್ಲಿ ಆರು ಮುಂದಿನ ಸಾಲಿನಲ್ಲಿ, ಉಳಿದೆರಡು ಅವುಗಳ ಹಿಂದೆ ಆಚೀಚೆ ಬದಿಗಳಲ್ಲಿ ಇರುತ್ತವೆ. ಈ ಜೋಡಣೆ ಸೆಲೆನಾಪಿಡೇಯ ಗುರುತು.

ಈಗ ಚಪ್ಪಟೆತನದ ವಿಷಯಕ್ಕೆ ಬರೋಣ. ಚಪ್ಪಟೆ ಎಂದರೆ ಬರೀ ಹೊಟ್ಟೆ ಚಪ್ಪಟೆಯಾಗಿರುವುದಲ್ಲ. ಸಾಮಾನ್ಯ ಜೇಡದ ಕಾಲು ಮೈಯಿಂದ ಮೇಲಕ್ಕೆದ್ದು, ಮೊಣಕಾಲಿನ ಹತ್ತಿರ ಬಾಗಿ, ಕೆಳಗಿಳಿಯುತ್ತದೆ. ಮೈಗಿಂತ ಮೊಣಕಾಲೇ ಎತ್ತರದಲ್ಲಿರುತ್ತದೆ. ಅಂಥ ಜೇಡದ ಮೈಯನ್ನು ಎಷ್ಟು ತೆಳ್ಳಗೆ ಮಾಡಿದರೂ ಸಂದಿನೊಳಗೆ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಚಪ್ಪಟೆ ಜೇಡದಲ್ಲಿ ಕಾಲುಗಳು ಬುಡದಲ್ಲೇ ತಿರುಚಿಕೊಂಡಿವೆ. ಮುಂದಕ್ಕಿರಬೇಕಾದ ಕಾಲಿನ ಮಗ್ಗುಲು ಮೇಲಕ್ಕೆ ಬಂದಿದೆ. ಮೊಣಕೈಯನ್ನು ಮೇಜಿನ ಮೇಲೆ ಊರಿ ಅಂಗೈಯನ್ನು ಮೇಲೆತ್ತಿ ಇಳಿಸುವುದು ಒಂದು ಬಗೆ. ಇಡೀ ತೋಳನ್ನು ಮೇಜಿಗೆ ಮಲಗಿಸಿ ಮೊಣಕೈಯನ್ನು ಮಡಚಿ ಬಿಡಿಸುವುದು ಇನ್ನೊಂದು ಬಗೆ. ಇದರ ಕಾಲು ಎರಡನೆಯ ಬಗೆಯಲ್ಲಿ ಕೆಲಸ ಮಾಡುತ್ತದೆ. ಮಡಚುವುದು, ಚಾಚುವುದು, ಓಡುವುದು ಎಲ್ಲವೂ ಗೋಡೆಗೆ ಸಮಾನಾಂತರವಾದ ಒಂದೇ ಮಟ್ಟದಲ್ಲಿ ನಡೆಯುತ್ತವೆ. ಏಡಿಯ ಹಾಗೆ ಅಡ್ಡಡ್ಡಕ್ಕೆ ಓಡುವುದಕ್ಕೂ ಇದೇ ಕಾರಣ.

ಇಲ್ಲಿ ಜಿರಲೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದೂ ಸಂದಿನ ಜೀವಿ, ಆದರೆ ಅದರ ಉಪಾಯ ಬೇರೆ. ಕೌಶಿಕ್ ಜಯರಾಮ್ ಮತ್ತು ರಾಬರ್ಟ್ ಫುಲ್ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿಂತಾಗ ಸುಮಾರು 12 ಮಿಲಿಮೀಟರ್ ಎತ್ತರವಿರುವ ಅಮೆರಿಕನ್ ಜಿರಲೆ 3 ಮಿಲಿಮೀಟರಿನ ಸಂದಿನಲ್ಲಿ ನುಸುಳಿತು. ಅದರ ಕವಚದ ಫಲಕಗಳು ಒತ್ತಿದರೆ ಬಾಗುತ್ತವೆ. ಜೇಡಕ್ಕೆ ಅದು ಸಾಧ್ಯವಿಲ್ಲ. ತಲೆ ಮತ್ತು ಎದೆ ಒಂದಾಗಿರುವ ಮುಂಭಾಗದ ಮೇಲೆ ಗಟ್ಟಿಯಾದ ಒಂದೇ ಫಲಕವಿದೆ, ಒತ್ತಿ ತಗ್ಗಿಸಲು ಬರುವುದಿಲ್ಲ. ಅದಕ್ಕೇ ಚಪ್ಪಟೆ ಜೇಡ ಹುಟ್ಟುವಾಗಲೇ ಸಂದಿನ ಅಳತೆಯ ಮೈಯೊಂದಿಗೆ ಹುಟ್ಟುತ್ತದೆ. ಜಿರಲೆ ಬೇಕೆಂದಾಗ ಸಪಾಟಾಗುತ್ತದೆ, ಇದು ಬದುಕಿಡೀ ಸಪಾಟು.

ಬದುಕಿಡೀ ಸಪಾಟಾಗಿರುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದೇ ಗಾತ್ರದ ಉಂಡೆಗಿಂತ ಹಪ್ಪಳಕ್ಕೆ ಮೇಲ್ಮೈ ಹೆಚ್ಚು, ಆದ್ದರಿಂದ ಒಣಗುವುದೂ ಬೇಗ. ಚಪ್ಪಟೆ ಮೈಯ ಜೇಡಕ್ಕೂ ನೀರು ಕಳೆದುಕೊಳ್ಳುವ ಅಪಾಯ ಉಳಿದವುಗಳಿಗಿಂತ ಹೆಚ್ಚು. ಏಪ್ರಿಲ್ ತಿಂಗಳ ನಡುಹಗಲಲ್ಲಿ ಬಿಸಿಲು ಬೀಳುವ ಗೋಡೆಯ ಮೇಲೆ ಅದು ಕೂರುವಂತಿಲ್ಲ. ಸಂದಿನೊಳಗೆ ಗಾಳಿ ಆಡದು, ತೇವ ಉಳಿಯುತ್ತದೆ, ಕಲ್ಲು ನಿಧಾನವಾಗಿ ಕಾಯುತ್ತದೆ. ಹೊರಬರುವ ಹೊತ್ತು ರಾತ್ರಿಯಾದರೆ ಹೊರಗೂ ಗಾಳಿ ತಂಪು. ಹೀಗೆ ಮೈ, ಸಂದು, ಇರುಳು ಈ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ಇರುಳಿಗೆ ಇನ್ನೊಂದು ಕಾರಣ ಹಗಲಿನ ಶತ್ರುಗಳು. ಮಡಿವಾಳ ಹಕ್ಕಿ ಗೋಡೆಗಳ ಮೇಲೆ ಹುಳ ಹೆಕ್ಕುತ್ತದೆ. ಜೇಡವನ್ನೇ ಹುಡುಕಿ ಚುಚ್ಚಿ ನಿಶ್ಚೇಷ್ಟಗೊಳಿಸಿ ತನ್ನ ಮರಿಗೆ ಊಟವಾಗಿ ಕೊಂಡೊಯ್ಯುವ ಕಣಜಗಳಿವೆ. ಅವೂ ಹಗಲಿನಲ್ಲೇ ತಿರುಗುವುವು. ರಾತ್ರಿ ಉಳಿಯುವ ದೊಡ್ಡ ಶತ್ರು ಹಲ್ಲಿ. ಹಲ್ಲಿಯ ತಲೆ ಹೋಗದ ಸಂದಿನೊಳಗೆ ಜೇಡ ಹೋಗಬಲ್ಲದು.

ಬೇಟೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಜೇಡದ ಅಸಲು ಅಚ್ಚರಿ ಇರುವುದು ಅಲ್ಲಿ.

ಇದು ಬಲೆ ಕಟ್ಟುವುದಿಲ್ಲ. ಕತ್ತಲಾದ ಮೇಲೆ ಸಂದಿನಿಂದ ಹೊರಬಂದು ಗೋಡೆಯ ಮೇಲೆಯೋ ಕಾಂಡದ ಮೇಲೆಯೋ ಕಾಲು ಹರಡಿ ಕೂರುತ್ತದೆ, ಮತ್ತೆ ಬಹಳ ಹೊತ್ತು ಮಿಸುಕುವುದಿಲ್ಲ. ಕಾಲುಗಳ ಮೇಲೆ ನೆಟ್ಟಗೆ ನಿಂತ ಅತಿ ಸಪೂರ ರೋಮಗಳಿವೆ. ಹುಳವೊಂದು ರೆಕ್ಕೆ ಬಡಿದರೆ ಅದರಿಂದ ಏಳುವ ಗಾಳಿಗೆ ಈ ರೋಮಗಳು ಬಾಗುತ್ತವೆ, ಬುಡದಲ್ಲಿರುವ ನರಕ್ಕೆ ಸುದ್ದಿ ಹೋಗುತ್ತದೆ. ಕಾಲಿನ ಕವಚದಲ್ಲಿ ಸೂಕ್ಷ್ಮವಾದ ಸೀಳುಗಳೂ ಇವೆ, ಗೋಡೆಯಲ್ಲಿ ಹರಿದು ಬರುವ ಕಂಪನ ಅವುಗಳಿಗೆ ತಿಳಿಯುತ್ತದೆ. ಕಾಲು ಎಂಟೂ ದಿಕ್ಕಿಗೆ ಚಾಚಿಕೊಂಡಿರುವುದರಿಂದ ಹುಳ ಎಲ್ಲಿಂದ ಬಂದರೂ ಯಾವುದೋ ಒಂದು ಕಾಲು ಅದಕ್ಕೆ ಹತ್ತಿರವೇ ಇರುತ್ತದೆ.

ನಮ್ಮ ಹಟ್ಟಿಯ ಗೋಡೆಯಲ್ಲಿ ಟಾರ್ಚಿನ ಮಂದ ಬೆಳಕಿನಲ್ಲಿ ನೋಡಿದ ಒಂದು ಬೇಟೆಯನ್ನು ಹೇಳುತ್ತೇನೆ. ಜೇಡದ ಮುಖ ಮಾಡಿನ ಕಡೆಗಿತ್ತು. ಒಂದು ಬೂದು ಪತಂಗ ಅದರ ಹಿಂದೆ, ಎಡಕ್ಕೆ, ಗೋಡೆಯ ಮೇಲೆ ಇಳಿದು ರೆಕ್ಕೆ ಅದುರಿಸುತ್ತ ಎರಡು ಹೆಜ್ಜೆ ನಡೆಯಿತು. ಜೇಡ ತಿರುಗಿದ್ದನ್ನು ನಾನು ನೋಡಲೇ ಇಲ್ಲ. ನೋಡುವಾಗ ಅದರ ಮುಖ ನೆಲದ ಕಡೆಗಿತ್ತು, ಪತಂಗ ಬಾಯಲ್ಲಿತ್ತು, ಮುಂದಿನ ಕಾಲುಗಳು ರೆಕ್ಕೆಯನ್ನು ಒತ್ತಿ ಹಿಡಿದಿದ್ದವು. ರೆಕ್ಕೆಯ ಪುಡಿ ಗೋಡೆಯ ಸುಣ್ಣದ ಮೇಲೆ ಸಣ್ಣದೊಂದು ಕಲೆಯಾಗಿ ಉಳಿಯಿತು.

ಕಣ್ಣಿಗೆ ಕಾಣದ ಈ ತಿರುಗುವಿಕೆಯನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದವರು ಅಮೆರಿಕದ ಯೂ ಝೆಂಗ್ ಮತ್ತು ಸಾರಾ ಕ್ರೂಸ್. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಈ ಜೇಡಗಳು ಯಾವ ದಿಕ್ಕಿನಲ್ಲಿರುವ ಬೇಟೆಯನ್ನಾದರೂ ಸೆಕೆಂಡಿನ ಎಂಟನೇ ಒಂದು ಭಾಗದೊಳಗೆ ತಲುಪಬಲ್ಲವು. ತಿರುಗುವ ವೇಗ ಸೆಕೆಂಡಿಗೆ 3000 ಡಿಗ್ರಿಯವರೆಗೆ ಏರುತ್ತದೆ. ಪೂರ್ತಿ ಒಂದು ಸುತ್ತು 360 ಡಿಗ್ರಿ ಎಂದು ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಎಂಟು ಸುತ್ತಿಗೂ ಮಿಗಿಲಾದ ವೇಗ.

ಇದು ಹೇಗೆ ಸಾಧ್ಯ? ಬೇಟೆಗೆ ಎಲ್ಲಕ್ಕಿಂತ ಹತ್ತಿರವಿರುವ ಕಾಲನ್ನು ಜೇಡ ಗೋಡೆಗೆ ಊರಿ ಹಿಡಿಯುತ್ತದೆ. ಆ ಕಾಲು ಮೈಯನ್ನು ಬೇಟೆಯತ್ತ ಎಳೆಯುತ್ತದೆ, ತಿರುಗಲು ಆಧಾರವೂ ಅದೇ. ಎದುರು ಬದಿಯ ಕಾಲುಗಳು ಗೋಡೆಯನ್ನು ತಳ್ಳುತ್ತವೆ. ತಿರುಗುತ್ತ ತಿರುಗುತ್ತ ಉಳಿದ ಕಾಲುಗಳನ್ನು ಮೈಯ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ತಿರುಗುವ ವಸ್ತುವಿನ ಭಾರ ನಡುವಿಗೆ ಬಂದಷ್ಟೂ ವೇಗ ಹೆಚ್ಚುತ್ತದೆ ಎಂಬುದು ಶಾಲೆಯಲ್ಲಿ ಓದಿದ ಭೌತಶಾಸ್ತ್ರವೇ. ಹಾಗಾಗಿ ತಿರುಗಿ ಮುಗಿಯುವ ಹೊತ್ತಿಗೆ ಬಾಯಿ ಬೇಟೆಯ ಎದುರಿಗೇ ಬಂದಿರುತ್ತದೆ. ಕಾಲುಗಳು ಗೋಡೆಗೆ ಸಮಾನಾಂತರವಾಗಿ ಚಲಿಸುವುದರ ಇನ್ನೊಂದು ಲಾಭ ಇಲ್ಲಿದೆ: ಸಂದಿನೊಳಗೆ ತೂರಲೆಂದು ಬಂದ ಅಂಗರಚನೆಯೇ ಗೋಡೆಯ ಮೇಲೆ ಗಿರಕಿ ಹೊಡೆಯಲೂ ಅನುಕೂಲವಾಗಿದೆ.

ಜೇಡಗಳ ಕಾಲಿನ ಯಂತ್ರವೂ ವಿಚಿತ್ರ. ಮಡಚಲು ಸ್ನಾಯುಗಳಿವೆ, ಆದರೆ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಚಾಚುವುದಕ್ಕೆ ಸ್ನಾಯುವೇ ಇಲ್ಲ. ಎದೆಯ ಭಾಗವನ್ನು ಬಿಗಿದು ಒಳಗಿನ ದ್ರವವನ್ನು ಒತ್ತಡದಲ್ಲಿ ಕಾಲಿಗೆ ನುಗ್ಗಿಸಿ ಕೀಲನ್ನು ನೆಟ್ಟಗೆ ಮಾಡುತ್ತವೆ. ಸತ್ತ ಜೇಡದ ಕಾಲುಗಳು ಒಳಕ್ಕೆ ಮುದುಡುವುದು ಈ ಒತ್ತಡ ಇಲ್ಲವಾಗುವುದರಿಂದ. ಇನ್ನು ಕಾಲಿನ ತುದಿ: ಎರಡು ಉಗುರು, ಅವುಗಳ ಕೆಳಗೆ ದಟ್ಟ ರೋಮಗಳ ಕುಚ್ಚು. ಒಂದೊಂದು ರೋಮವೂ ತುದಿಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಎಳೆಗಳಾಗಿ ಒಡೆದಿದೆ. ನಯವಾದ ಟೈಲ್ಸಿನ ಮೇಲೂ ಅದು ಹಿಡಿದು ನಿಲ್ಲುವುದು ಇವುಗಳಿಂದ. ಅಂಟು ದ್ರವವೇನೂ ಅಲ್ಲಿಲ್ಲ. ಎಳೆಗಳ ತುದಿಗಳು ಮೇಲ್ಮೈಗೆ ಅತಿ ಹತ್ತಿರ ಬಂದಾಗ ಅಣುಗಳ ನಡುವೆ ಉಂಟಾಗುವ ಸೆಳೆತವೇ ಸಾಕು.

ಮರದಿಂದ ಬಿದ್ದರೆ? ಅದಕ್ಕೂ ಉತ್ತರ ಸಿಕ್ಕಿದೆ. ಸ್ಟೀಫನ್ ಯಾನೋವಿಯಾಕ್, ರಾಬರ್ಟ್ ಡಡ್ಲಿ ಮತ್ತು ಸಂಗಡಿಗರು ಪನಾಮಾ ಹಾಗೂ ಪೆರುವಿನ ಕಾಡುಗಳಲ್ಲಿ ಸೆಲೆನಾಪ್ಸ್ ಕುಲದ 59 ಜೇಡಗಳನ್ನು ಮರದ ನೆತ್ತಿಯಿಂದ ಬೀಳಿಸಿ ನೋಡಿದರು. 2015ರಲ್ಲಿ ಬಂದ ವರದಿಯಂತೆ ಹೆಚ್ಚಿನವು ಗಾಳಿಯಲ್ಲೇ ಮೈ ತಿರುಗಿಸಿಕೊಂಡು, ತಲೆ ತಗ್ಗಿಸಿ, ಮುಂದಿನ ಕಾಲುಗಳಿಂದ ದಿಕ್ಕು ಬದಲಿಸಿ, ಹತ್ತಿರದ ಕಾಂಡದ ಕಡೆಗೇ ತೇಲಿ ಹೋಗಿ ಅದನ್ನು ಹಿಡಿದವು. ರೆಕ್ಕೆಯಿಲ್ಲ, ನೂಲಿನ ಸಹಾಯವೂ ಇಲ್ಲ. ತೆಳ್ಳಗಿನ ಅಗಲ ಮೈಯೇ ಗಾಳಿಯನ್ನು ತಡೆದು ನಡೆಸುತ್ತದೆ. ಕಾಡಿನ ನೆಲಕ್ಕೆ ಬಿದ್ದ ಮರವಾಸಿ ಜೇಡಕ್ಕೆ ಇರುವೆಗಳ ಸೈನ್ಯ ಕಾದಿರುತ್ತದೆ, ಹಾಗಾಗಿ ಕಾಂಡಕ್ಕೆ ಮರಳುವುದು ಸಾವು ಬದುಕಿನ ಪ್ರಶ್ನೆ.

ಇನ್ನು ನಮ್ಮ ಊರಿನ ಸಂದುಗಳಿಗೆ ಬರುತ್ತೇನೆ.

ಕಾಸರಗೋಡಿನ ನೆಲ ಮುರಕಲ್ಲಿನದು. ಯಥೇಚ್ಛ ಮಳೆ ಮತ್ತು ಬಿಸಿ ಹವೆಯಲ್ಲಿ ಬಂಡೆಯೊಳಗಿನ ಸಿಲಿಕಾ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಆದದ್ದು ಈ ಕೆಂಪುಕಲ್ಲು. ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದನ್ನು ಲ್ಯಾಟರೈಟ್ ಎಂದು ಹೆಸರಿಸಿ ಜಗತ್ತಿಗೆ ಪರಿಚಯಿಸಿದ್ದು ಇದೇ ಮಲಬಾರ್ ಸೀಮೆಯ ಅಂಗಾಡಿಪುರಂನಲ್ಲಿ ನೋಡಿ. ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿ. ಮೈತುಂಬ ಕೊಳವೆಯಂಥ ತೂತುಗಳು. ಇಂಥ ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗೆ ನಾಲ್ಕು ಮಳೆಗಾಲ ಕಳೆದರೆ ಕಲ್ಲು ಕಲ್ಲಿನ ನಡುವೆ ಮಣ್ಣು ತೊಳೆದು ಹೋಗಿ ಸಂದು ಬಾಯಿ ಬಿಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಇದಕ್ಕೆ ಬಹಳ ಕಾಲ ಬೇಕಿಲ್ಲ. ತೋಟದ ಸುತ್ತಣ ಹಳೆಯ ಪಾಗಾರಗಳಿಗೆ ಗಾರೆಯೇ ಇಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದಷ್ಟೇ. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆಯ ಗೋಡೆಗಳೂ ಇದೇ ಕಲ್ಲಿನವು. ಸಂದಿನ ಜೇಡದ ಕಣ್ಣಿನಿಂದ ನೋಡಿದರೆ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಾಡು ಮೈಲುಗಟ್ಟಲೆ ಉದ್ದದ ಒಂದು ಕೇರಿ.

ಮನೆಯ ಮಾಡು ಇನ್ನೊಂದು ಆಸರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನವಾದವು. ಹಂಚಿನ ಮೇಲೆ ಹಂಚು ಕೂರುವಲ್ಲಿ, ಹಂಚು ರೀಪಿನ ಮೇಲೆ ಕೂರುವಲ್ಲಿ, ಪಕ್ಕಾಸು ಗೋಡೆಯ ಮೇಲೆ ಕೂರುವಲ್ಲಿ ತೆಳ್ಳಗಿನ ಜಾಗ ಉಳಿದೇ ಉಳಿಯುತ್ತದೆ. ಅಟ್ಟದಲ್ಲಿ ಇಟ್ಟ ಹಳೆಯ ಬಾಗಿಲು, ಗೋಡೆಗೆ ಆನಿಸಿದ ಹಲಗೆ, ಕ್ಯಾಲೆಂಡರಿನ ಹಿಂಬದಿ, ದೇವರ ಪಟದ ಹಿಂಬದಿ ಎಲ್ಲವೂ ಅದಕ್ಕೆ ಒಪ್ಪಿತ. ಚಾವಡಿಯ ಪಟವನ್ನು ವರ್ಷಕ್ಕೊಮ್ಮೆ ಒರೆಸಲು ಇಳಿಸುವಾಗ ಅದರ ಹಿಂದಿನಿಂದ ಓಡುವುದು ಹೆಚ್ಚಾಗಿ ಇದೇ ಜೇಡ.

ಇವೆಲ್ಲ ಮನುಷ್ಯ ಕಟ್ಟಿದ ಸಂದುಗಳು. ಅದಕ್ಕೂ ಹಿಂದಿನಿಂದ ಇದ್ದದ್ದು ಗುಡ್ಡೆಯ ಬಂಡೆ ಮತ್ತು ಮರದ ತೊಗಟೆ. ಎಲ್ಲ ಮರದ ತೊಗಟೆಯೂ ಇದಕ್ಕೆ ಆಗದು. ತೆಳು ಪದರವಾಗಿ ಏಳುವ ತೊಗಟೆ ಬೇಕು, ಎದ್ದರೂ ಪೂರ್ತಿ ಉದುರಬಾರದು. ನಂದಿ ಮರ, ಹೊಳೆಮತ್ತಿ, ಹಳೆಯ ಮಾವು ಈ ಬಗೆಯವು. ಅಡಿಕೆ ಮರದ ನುಣುಪು ಕಾಂಡದಲ್ಲಿ ಸಂದಿಲ್ಲ. ಆದರೆ ಅಡಿಕೆ ತೋಟ ಎಂದರೆ ಅಡಿಕೆ ಮರ ಮಾತ್ರವಲ್ಲವಲ್ಲ: ಬದುವಿನಲ್ಲಿ ಮಾವು ಹಲಸು, ಅಂಚಿನಲ್ಲಿ ಪಾಗಾರ, ನೆಲದಲ್ಲಿ ಒಣಗಿ ಸುರುಟಿದ ಹಾಳೆ ಮತ್ತು ಸೋಗೆ, ಪಂಪಿನ ಶೆಡ್ಡು. ತೋಟ ಇಂಥ ಜೇಡಗಳನ್ನು ಪೊರೆಯುವುದು ಆ ಅಂಚುಗಳಿಂದ. ರಬ್ಬರು ಹಾಕುವಾಗ ಗುಡ್ಡೆಯನ್ನು ಬೋಳಿಸಿ ಒಂದೇ ಜಾತಿ, ಒಂದೇ ಪ್ರಾಯದ ಮರ ನೆಟ್ಟರೆ ಅಂಚುಗಳೇ ಇಲ್ಲವಾಗುತ್ತವೆ.

ಮಳೆಗಾಲ ಹಿಡಿಯುವ ಹೊತ್ತು ಈ ಜೇಡವನ್ನು ಮನೆಯೊಳಗೆ ಹೆಚ್ಚು ಕಾಣುತ್ತೇವೆ. ಪಾಗಾರದ ಸಂದುಗಳಲ್ಲಿ ನೀರು ಹರಿಯತೊಡಗುತ್ತದೆ, ಚಾವಡಿಯ ಗೋಡೆ ಒಣಗಿರುತ್ತದೆ. ಜೊತೆಗೆ ಮೊದಲ ಮಳೆಗೆ ಒರಲೆಗಳು ರೆಕ್ಕೆ ಮೂಡಿ ಎದ್ದು ದೀಪಕ್ಕೆ ಮುತ್ತುತ್ತವೆ, ಪತಂಗಗಳು ಬರುತ್ತವೆ. ದೀಪದ ಹತ್ತಿರ ಹಲ್ಲಿಗಳು ಜಾಗ ಹಿಡಿದಿರುವುದರಿಂದ ಜೇಡ ಬೆಳಕಿನ ಅಂಚಿನಲ್ಲಿ, ನೆರಳು ಶುರುವಾಗುವಲ್ಲಿ ಕೂರುತ್ತದೆ.

ಬದಲಾದದ್ದನ್ನು ಹೇಳದೆ ಇದರ ನೆಲೆಯ ವಿವರಣೆ ಪೂರ್ತಿಯಾಗದು. ಸೆಲೆನಾಪ್ಸ್ ರೇಡಿಯೇಟಸ್ ಅಳಿವಿನಂಚಿನ ಜೀವಿಯಲ್ಲ. ಅದರ ಹರವು ಬಹಳ ದೊಡ್ಡದು. ಆದರೆ ಒಂದೊಂದು ಮನೆಯ, ಒಂದೊಂದು ಗುಡ್ಡೆಯ ಮಟ್ಟದಲ್ಲಿ ಅದು ಇಲ್ಲವಾಗುವುದನ್ನು ಕಣ್ಣಾರೆ ಕಾಣಬಹುದು. ಗೋಡೆಗೆ ಸಿಮೆಂಟು ಬಳಿದು ಪುಟ್ಟಿ ಎಳೆದು ಪೈಂಟು ಹೊಡೆದರೆ ಸಂದು ಮುಚ್ಚಿತು. ಹಂಚು ಇಳಿಸಿ ತಾರಸಿ ಹಾಕಿದರೆ ಮಾಡಿನ ಸಂದು ಹೋಯಿತು. ಮುರಕಲ್ಲಿನ ಪಾರೆಗಳನ್ನು ಯಂತ್ರದಿಂದ ಕೊಯ್ದು ಕಲ್ಲು ಸಾಗಿಸಿದಲ್ಲಿ ಉಳಿಯುವುದು ನೆಟ್ಟಗಿನ ನುಣುಪು ಗೋಡೆಯ ಹೊಂಡ. ಕೊಯ್ದ ಕಲ್ಲು ಇನ್ನೆಲ್ಲೋ ಗೋಡೆಯಾಗುತ್ತದೆ ನಿಜ, ಆದರೆ ಅಲ್ಲೂ ಅದರ ಮೇಲೆ ಸಿಮೆಂಟೇ. ಮನೆಯನ್ನು ಭದ್ರ ಮಾಡಿಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ಹಾವು ಚೇಳಿನ ಭಯವಿರುವಲ್ಲಿ ಮಲಗುವ ಕೋಣೆಯ ಬಿರುಕು ಮುಚ್ಚಲೇಬೇಕು. ತೋಟದ ಪಾಗಾರಕ್ಕೆ ಸಿಮೆಂಟು ಬಳಿಯುವುದರ ಅಗತ್ಯ ಮಾತ್ರ ನನಗೆ ಇಂದಿಗೂ ಮನದಟ್ಟಾಗಿಲ್ಲ. ಗಾರೆಯಿಲ್ಲದ ಪಾಗಾರ ಮಳೆನೀರನ್ನು ತನ್ನೊಳಗಿನಿಂದ ಬಿಟ್ಟುಕೊಡುತ್ತದೆ. ಸಂದು ಮುಚ್ಚಿ, ನೀರಿಗೆ ದಾರಿ ಬಿಡದೆ ಹೋದರೆ ಒತ್ತಡಕ್ಕೆ ಗೋಡೆಯೇ ಮಗುಚುತ್ತದೆ.

ಇನ್ನೊಂದು ಗಾಯ ಈ ಜಿಲ್ಲೆಯದ್ದೇ. ಗೇರು ತೋಟಗಳ ಮೇಲೆ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು 2000ನೇ ಇಸವಿಯವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳಲ್ಲಿ ಮಕ್ಕಳೂ ಮನೆಯವರೂ ಅನುಭವಿಸಿದ್ದನ್ನು ಬಲ್ಲವರ ಮುಂದೆ ಜೇಡದ ಮಾತು ಸಣ್ಣದು, ಗೊತ್ತು. ಆದರೂ ಹೇಳಬೇಕಾದ್ದೇನೆಂದರೆ, ಆಕಾಶದಿಂದ ಸುರಿಯುವ ವಿಷಕ್ಕೆ ತಿಗಣೆ ಯಾವುದು, ತಿಗಣೆಯನ್ನು ತಿನ್ನುವ ಜೇಡ ಯಾವುದು ಎಂಬ ಭೇದವಿಲ್ಲ. ತಿಗಣೆಯ ಸಂತತಿ ಬೇಗ ಚಿಗುರುತ್ತದೆ. ನಿಧಾನವಾಗಿ ಬೆಳೆಯುವ ಬೇಟೆಗಾರರ ಸಂಖ್ಯೆ ಮೊದಲಿನ ಮಟ್ಟಕ್ಕೆ ಬರಲು ಕಾಲ ಹಿಡಿಯುತ್ತದೆ.

ಜನರು ಈ ಜೇಡವನ್ನು ಕಂಡಲ್ಲಿ ಹೊಡೆಯುವುದಕ್ಕೆ ಮುಖ್ಯ ಕಾರಣ ಬೇರೆ. ಬೆಳಿಗ್ಗೆ ಏಳುವಾಗ ಕುತ್ತಿಗೆಯಲ್ಲೋ ಕಣ್ಣಿನ ಹತ್ತಿರವೋ ಉರಿಯುವ ಗುಳ್ಳೆಗಳ ಸಾಲು ಕಂಡರೆ ಜೇಡ ಮೂತ್ರ ಮಾಡಿತು ಎನ್ನುವುದು ನಮ್ಮಲ್ಲಿ ರೂಢಿ. ಮಲಯಾಳ ಮಾತಾಡುವ ನೆರೆಯವರೂ ಚಿಲಂದಿ ವಿಷ ಎನ್ನುತ್ತಾರೆ. ಅಂಥ ಗುಳ್ಳೆಗಳಿಗೆ ಜೇಡ ಕಾರಣವಲ್ಲ. ಬಹಳ ಸಲ ಅದು ಪೆಡೆರಸ್ ಎಂಬ ಸಣ್ಣ ಜೀರುಂಡೆಯ ಕೆಲಸ. ಇರುವೆಯಂತೆ ಸಪೂರ, ಕಿತ್ತಳೆ ಮತ್ತು ಕಪ್ಪು ಪಟ್ಟಿಗಳ ಮೈ. ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ. ನಿದ್ದೆಯಲ್ಲಿ ಕೈ ತಾಗಿ ಮೈಮೇಲೆ ಅಪ್ಪಚ್ಚಿಯಾದರೆ ಒಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಹುಳವನ್ನು ಹೊಸಕದೆ ಊದಿ ಹಾರಿಸಿ, ತಾಗಿದ ಜಾಗವನ್ನು ಸೋಪಿನಲ್ಲಿ ತೊಳೆಯಬೇಕು. ಇನ್ನು ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ಹಬ್ಬುವ ನೋವಿನ ಗುಳ್ಳೆ ಸರ್ಪಸುತ್ತು, ಅದು ವೈರಸ್ಸಿನಿಂದ ಬರುವ ಕಾಯಿಲೆ. ಅದಕ್ಕೆ ಬೇಗ ಮದ್ದು ಶುರು ಮಾಡಿದಷ್ಟೂ ಒಳ್ಳೆಯದು. ಜೇಡವನ್ನು ದೂರುತ್ತ ಕಾಯುವವರು ಆ ಸಮಯವನ್ನು ಕಳೆದುಕೊಳ್ಳುತ್ತಾರೆ, ಕಣ್ಣಿನ ಹತ್ತಿರ ಬಂದಿದ್ದರೆ ಕಣ್ಣಿಗೇ ಅಪಾಯ. ಚಪ್ಪಟೆ ಜೇಡಕ್ಕೆ ಬೇಟೆ ಕೊಲ್ಲುವಷ್ಟು ವಿಷವಿದೆ, ಮನುಷ್ಯರಿಗೆ ಅದು ಅಪಾಯಕಾರಿಯಲ್ಲ. ಕಚ್ಚಲು ನಿಲ್ಲುವುದಕ್ಕಿಂತ ಓಡುವುದೇ ಅದರ ಸ್ವಭಾವ.

ನೋಡಬೇಕೆಂದಿರುವವರು ರಾತ್ರಿ ಎಂಟು ಗಂಟೆ ಕಳೆದ ಮೇಲೆ ಬಿಳಿಸುಣ್ಣದ ಹಳೆ ಗೋಡೆಯನ್ನೋ ಪಾಗಾರವನ್ನೋ ಆರಿಸಿಕೊಳ್ಳಲಿ. ಟಾರ್ಚನ್ನು ನೇರವಾಗಿ ಹಿಡಿದರೆ ಜೇಡ ಗೋಡೆಯಲ್ಲಿ ಕರಗಿಹೋಗುತ್ತದೆ, ಮೈ ಗೋಡೆಗೆ ಒತ್ತಿಕೊಂಡಿರುವುದರಿಂದ ನೆರಳೇ ಬೀಳದು. ಗೋಡೆಗೆ ಓರೆಯಾಗಿ, ತೀರ ಬದಿಯಿಂದ ಬೆಳಕು ಬಿಟ್ಟರೆ ಕಾಲುಗಳ ನೆರಳು ಉದ್ದವಾಗಿ ಕಾಣುತ್ತದೆ. ನೆಲದ ಹುಲ್ಲಿನಲ್ಲಿ ಹಸಿರಾಗಿ ಮಿನುಗುವ ಕಣ್ಣುಗಳು ಕಂಡರೆ ಅವು ತೋಳ ಜೇಡಗಳವು, ಇದರವಲ್ಲ. ಹಗಲಿನಲ್ಲಿ ಹುಡುಕಲು ತೊಗಟೆ ಕೀಳುವುದು ಬೇಡ. ಕಿತ್ತ ತೊಗಟೆಯನ್ನು ಮೊದಲಿನ ಹಾಗೆ ಕೂರಿಸಲಾಗದು, ಆ ಒಂದು ಸಂದು ಆಗಲು ಮರಕ್ಕೆ ವರ್ಷಗಳು ಹಿಡಿದಿರುತ್ತವೆ.

ಬಾಗಿಲು ಕಿಟಕಿಗಳ ಹಿಂದೆ, ಪಟದ ಹಿಂದೆ, ಹತ್ತಿರ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಗೋಡೆಗೆ ಸಮತಟ್ಟಾಗಿ ಅಂಟಿದ ಬಿಳಿ ಬಿಲ್ಲೆ ಕಂಡರೆ ಒಂದು ಗಳಿಗೆ ನಿಂತು ನೋಡಿ. ಕಾಗದದ ಹಾಗೆ ಗರಿಗರಿ ಇರುವ ಅದು ಚಪ್ಪಟೆ ಜೇಡದ ಮೊಟ್ಟೆಚೀಲವಿರಬಹುದು. ಮೊಟ್ಟೆಗಳನ್ನೂ ಸಂದಿನ ಅಳತೆಗೇ, ಒಂದೇ ತೆಳು ಪದರವಾಗಿ ಹರಡಿ ಮುಚ್ಚಿಟ್ಟಿರುತ್ತದೆ. ತಾಯಿ ಅದರ ಮೇಲೆಯೋ ಪಕ್ಕದಲ್ಲೋ ಕಾಲು ಹರಡಿ ಕಾಯುತ್ತಿರುತ್ತದೆ. ಪಟವನ್ನು ಮೆಲ್ಲನೆ ಇದ್ದಲ್ಲಿಗೇ ತಗುಲಿಸಿ, ಒರೆಸುವುದನ್ನು ಕೆಲವು ವಾರ ಮುಂದಕ್ಕೆ ಹಾಕಿದರೆ ಸಾಕು. ಮರಿಗಳು ಹೊರಟುಹೋದ ಮೇಲೆ ಖಾಲಿ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿದರೆ ಪೂರ್ತಿ ಬಿಟ್ಟು ಬರುತ್ತದೆ, ಗೋಡೆಯಲ್ಲಿ ಕಲೆಯೂ ಉಳಿಯದು.